ವೇಗವೆಂಬ ಗುಣಾಕಾರ

ಮೂವತ್ತೈದು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಬೋಧಿಸಿದವನಿಗೂ ಅಮೆರಿಕನ್ನರ ಫುಟ್‌ಬಾಲಿಗೂ ಏನು ನಂಟು ಎಂದು ಓದುಗ ಮಿತ್ರರು ಹುಬ್ಬೇರಿಸಬಹುದು. ನಂಟು ಬೆಸೆದದ್ದು ಒಂದು ಚಳಿಗಾಲದ ರಾತ್ರಿ. ನಾನು ನಿವೃತ್ತನಾದದ್ದು 2017ರಲ್ಲಿ. ಆ ವರ್ಷದ ಕೊನೆಗೆ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. 2018ರ ಫೆಬ್ರವರಿ 4ರಂದು ಆ ಊರಿನ ಈಗಲ್ಸ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 41-33ರಿಂದ ಸೋಲಿಸಿ ತನ್ನ ಮೊದಲ ಸೂಪರ್ ಬೌಲ್ ಗೆದ್ದಿತು. ಪಂದ್ಯ ನಡೆದದ್ದು ದೂರದ ಮಿನಿಯಾಪೊಲಿಸ್‌ನಲ್ಲಾದರೂ ಇಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಕೊರೆಯುವ ಚಳಿಯನ್ನು ಲೆಕ್ಕಿಸದೆ ಬೀದಿಗಿಳಿದು ಪಾತ್ರೆ ಬಡಿಯುತ್ತ ಕುಣಿದರು. ನಮ್ಮೂರ ತೇರಿನ ದಿನದ ನೆನಪಾಯಿತು.

ಆ ಗದ್ದಲದ ನಡುವೆ ನನ್ನ ಅಳಿಯಂದಿರು, "ಮಾವ, ಈ ಬೆಳೆ ಕೊಯ್ದವರು ಇವರು, ಬೀಜ ಬಿತ್ತಿದವರು ಬೇರೆ" ಎಂದರು. ಬಿತ್ತಿದವರು ಎಂದರೆ ಚಿಪ್ ಕೆಲ್ಲಿ ಎಂಬ ಹಿಂದಿನ ಕೋಚ್. ಕಾಲೇಜು ಆಟದ ಮಿಂಚಿನ ವೇಗವನ್ನು ವೃತ್ತಿಪರರ ಅಂಗಳಕ್ಕೆ ತಂದು, ಮೂರೇ ವರ್ಷಗಳಲ್ಲಿ ಕೆಲಸ ಕಳೆದುಕೊಂಡವರು. ಕಾಲೇಜು ಮಾದರಿಯ ವೇಗದ ಆಕ್ರಮಣ ವೃತ್ತಿಪರ ಫುಟ್‌ಬಾಲಿನಲ್ಲಿ ಯಶಸ್ವಿಯಾಗಬಲ್ಲದೇ ಎಂಬ ಚರ್ಚೆ ನಮ್ಮಿಬ್ಬರ ನಡುವೆ ಅಂದೇ ಹುಟ್ಟಿತು. ಅವರದು ಆಗುತ್ತದೆಂಬ ಪಕ್ಷ. ನನ್ನದು ಆಗದೆಂಬ ಪಕ್ಷ. ಹಳೆಯ ಪಂದ್ಯಗಳನ್ನು ನೋಡುತ್ತ, ಅಂಕಿಅಂಶಗಳನ್ನು ಓದುತ್ತ ಬಂದ ಮೇಲೆ ಈಗ ನನಗೊಂದು ಉತ್ತರ ಹೊಳೆದಿದೆ. ಅದು ನಮ್ಮಿಬ್ಬರ ಉತ್ತರವೂ ಅಲ್ಲ.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೊತ್ತಲು ನಾಲ್ಕು ಯತ್ನಗಳಿರುತ್ತವೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಯತ್ನ. ದಾಟದಿದ್ದರೆ, ಅಥವಾ ಅಂಕ ಗಳಿಸಿದರೆ, ಚೆಂಡು ಎದುರಾಳಿಯ ಪಾಲು. ಒಂದು ಯತ್ನಕ್ಕೂ ಮುಂದಿನ ಯತ್ನಕ್ಕೂ ನಡುವೆ ಸುಮಾರು ನಲವತ್ತು ಸೆಕೆಂಡುಗಳ ಬಿಡುವು. ಸಾಮಾನ್ಯವಾಗಿ ಆಟಗಾರರು ಆಗ ವೃತ್ತಾಕಾರವಾಗಿ ತಲೆಕೂಡಿಸಿ ಮುಂದಿನ ತಂತ್ರವನ್ನು ಪಿಸುಗುಟ್ಟಿಕೊಳ್ಳುತ್ತಾರೆ. ಇದಕ್ಕೆ ಹಡಲ್ ಎಂದು ಹೆಸರು. ಕೆಲ್ಲಿಯವರು ಇದನ್ನೇ ಕೈಬಿಟ್ಟರು. ಬದಿಯಲ್ಲಿ ಚಿತ್ರಫಲಕಗಳನ್ನು ಎತ್ತಿ ಹಿಡಿದು ಸನ್ನೆ ಕೊಡುವುದು, ಎದುರಾಳಿ ಉಸಿರು ತಿರುಗಿಸಿಕೊಳ್ಳುವ ಮೊದಲೇ ಮುಂದಿನ ಯತ್ನಕ್ಕಿಳಿಯುವುದು ಅವರ ರೀತಿ. ಆಕ್ರಮಿಸುವ ತಂಡ ಆಟಗಾರರನ್ನು ಬದಲಿಸಿದರೆ ರಕ್ಷಿಸುವ ತಂಡಕ್ಕೂ ಬದಲಿಸಲು ಅವಕಾಶ ಕೊಡಬೇಕೆಂಬುದು ನಿಯಮ. ಇವರು ಬದಲಿಸದೆ ಓಡಿದರೆ ದಣಿದ ರಕ್ಷಕರೂ ಅಲ್ಲೇ ನಿಲ್ಲಬೇಕು.

ಈ ರೀತಿಯಿಂದ ಕೆಲ್ಲಿಯವರು ಒರೆಗಾನ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ 2009ರಿಂದ 2012ರವರೆಗೆ 46 ಪಂದ್ಯ ಗೆದ್ದು, ಸೋತದ್ದು ಏಳು ಮಾತ್ರ. 2013ರಲ್ಲಿ ಈಗಲ್ಸ್ ಅವರನ್ನು ಕರೆತಂದಿತು. ಆ ಸೆಪ್ಟೆಂಬರ್ 9ರಂದು ವಾಷಿಂಗ್ಟನ್ ವಿರುದ್ಧದ ಮೊದಲ ಪಂದ್ಯದ ಪೂರ್ವಾರ್ಧವೊಂದರಲ್ಲೇ ಅವರ ತಂಡ 53 ಯತ್ನಗಳನ್ನು ನಡೆಸಿ 26-7ರ ಮುನ್ನಡೆ ಪಡೆಯಿತು. ದೇಶವೆಲ್ಲ ಬೆರಗಾಯಿತು. ಆದರೆ ಅದೇ ಪಂದ್ಯ ಮುಗಿದಾಗ ಅಂಕ 33-27 ಆಗಿತ್ತೆಂಬುದನ್ನು ಗಮನಿಸಿದವರು ಕಡಿಮೆ. ಮುಂದಿನ ಮೂರು ಪಂದ್ಯಗಳಲ್ಲೂ ಸೋಲೇ. ಆದರೂ ತಂಡ ಚೇತರಿಸಿಕೊಂಡು 10-6ರೊಂದಿಗೆ ತನ್ನ ವಿಭಾಗವನ್ನು ಗೆದ್ದಿತು. ಲಶಾನ್ ಮಕಾಯ್ 1,607 ಗಜ ಓಡಿ ಲೀಗಿಗೇ ಮೊದಲಿಗರಾದರು. ನಿಕ್ ಫೋಲ್ಸ್ 27 ಟಚ್‌ಡೌನ್ ಎಸೆತಗಳಿಗೆ ಎದುರಾಳಿಗೆ ಒಪ್ಪಿಸಿದ್ದು ಎರಡೇ ಚೆಂಡು. 2014ರಲ್ಲೂ 10-6, ಆದರೆ ಪ್ಲೇಆಫ್ ತಪ್ಪಿತು. 2015ರ ಡಿಸೆಂಬರ್‌ನಲ್ಲಿ, ಋತುವಿನ ಒಂದು ಪಂದ್ಯ ಬಾಕಿಯಿರುವಾಗಲೇ, ಕೆಲ್ಲಿಯವರನ್ನು ತೆಗೆದುಹಾಕಲಾಯಿತು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದೊಂದಿಗೆ ಅವರು ಗೆದ್ದದ್ದು ಎರಡು, ಸೋತದ್ದು ಹದಿನಾಲ್ಕು.

ಅಳಿಯಂದಿರ ವಾದವಿಷ್ಟು: ಕೆಲ್ಲಿಯವರನ್ನು ಕೆಡಿಸಿದ್ದು ವೇಗವಲ್ಲ, ಅಧಿಕಾರ. 2015ರಲ್ಲಿ ಆಟಗಾರರ ಆಯ್ಕೆಯೂ ಅವರ ಕೈಗೆ ಬಂತು. ಅವರು ಮಕಾಯ್ ಅವರನ್ನು ಬಫಲೋಗೂ ಫೋಲ್ಸ್ ಅವರನ್ನು ಸೇಂಟ್ ಲೂಯಿಸ್‌ಗೂ ಕೊಟ್ಟುಬಿಟ್ಟರು. ಈ ವಾದದಲ್ಲಿ ಹುರುಳಿದೆ, ಅಲ್ಲಗಳೆಯಲಾರೆ. ಆದರೆ ಮೊದಲ ಪಂದ್ಯದ ಉತ್ತರಾರ್ಧಕ್ಕೆ ಇದು ಉತ್ತರವಲ್ಲ. ಅಲ್ಲಿ ಕೆಲಸ ಮಾಡಿದ್ದು ಬೇರೊಂದು ಲೆಕ್ಕ.

ಆ ಲೆಕ್ಕ ಹೀಗಿದೆ. ಈ ಆಟದಲ್ಲಿ ಚೆಂಡಿನ ಸರದಿ ಒಬ್ಬರ ನಂತರ ಒಬ್ಬರಿಗೆ ಬರುತ್ತದೆ. ನಾನು ಅವಸರ ಮಾಡಿ ನನ್ನ ಸರದಿಯನ್ನು ಬೇಗ ಮುಗಿಸಿದರೆ, ಎದುರಾಳಿಯ ಸರದಿಯೂ ಬೇಗ ಬರುತ್ತದೆ. ಅರುವತ್ತು ನಿಮಿಷಗಳಲ್ಲಿ ನನಗೆ ಹತ್ತರ ಬದಲು ಹದಿಮೂರು ಸರದಿ ಸಿಕ್ಕರೆ ಅವನಿಗೂ ಹದಿಮೂರು ಸಿಗುತ್ತವೆ. ಅಂದರೆ ವೇಗವು ನನಗೆ ಏನನ್ನೂ ಕೂಡಿಸಿಕೊಡುವುದಿಲ್ಲ. ಇರುವುದನ್ನು ಗುಣಿಸುತ್ತದೆ, ಅಷ್ಟೆ. ನಾನು ಎದುರಾಳಿಗಿಂತ ಬಲಶಾಲಿಯಾಗಿದ್ದರೆ ಆ ಅಂತರ ಹಿಗ್ಗುತ್ತದೆ. ಸಮಬಲನಾಗಿದ್ದರೆ ಯಾವುದನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ದುರ್ಬಲನಾಗಿದ್ದರೆ ನನ್ನ ಸೋಲನ್ನು ನಾನೇ ದೊಡ್ಡದು ಮಾಡಿಕೊಂಡಂತೆ.

ಒರೆಗಾನ್ ತನ್ನ ಬಹುಪಾಲು ಎದುರಾಳಿಗಳಿಗಿಂತ ಬಲಶಾಲಿಯಾಗಿತ್ತು. ಕಾಲೇಜುಗಳ ನಡುವೆ ಆನೆ-ಆಡುಗಳ ಅಂತರವಿರುತ್ತದೆ. ಆದರೆ ಸಮಬಲದ ಆಬರ್ನ್ ತಂಡ ಎದುರಾದಾಗ, 2011ರ ಜನವರಿಯ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ, ಒರೆಗಾನ್ 22-19ರಿಂದ ಸೋತಿತು. ವೃತ್ತಿಪರ ಲೀಗನ್ನಂತೂ ಸಮಬಲಕ್ಕೆಂದೇ ಕಟ್ಟಲಾಗಿದೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಅವಕಾಶ. 1994ರಿಂದ ಸಂಬಳದ ಒಟ್ಟು ಮೊತ್ತಕ್ಕೂ ಮಿತಿಯಿದೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ತೂಕದವರಾದ ಕಣದಲ್ಲಿ ಗುಣಿಸಲು ಉಳಿಯುವ ಅಂತರವೆಷ್ಟು?

ಇದಕ್ಕೆ ದೇಹದ ಲೆಕ್ಕವೂ ಸೇರುತ್ತದೆ. ಕಾಲೇಜು ತಂಡಕ್ಕೆ ಆಗಿನ ನಿಯಮದಂತೆ ವಿದ್ಯಾರ್ಥಿವೇತನ ಪಡೆವ ಆಟಗಾರರೇ 85 ಮಂದಿ ಇರಬಹುದಿತ್ತು, ಜೊತೆಗೆ ವೇತನವಿಲ್ಲದೆ ಆಡುವವರು. ವೃತ್ತಿಪರ ತಂಡದಲ್ಲಿ 53 ಮಂದಿ. ಋತುವೂ ದೀರ್ಘ. ಆಕ್ರಮಣವು ಮೂರು ಯತ್ನಗಳಲ್ಲಿ ವಿಫಲವಾಗಿ ಒಂದು ನಿಮಿಷದೊಳಗೆ ಮರಳಿದರೆ, ಆಗತಾನೆ ಕುಳಿತು ನೀರು ಕುಡಿಯುತ್ತಿದ್ದ ತನ್ನದೇ ರಕ್ಷಕರು ಮತ್ತೆ ಎದ್ದು ಓಡಬೇಕು. ಎದುರಾಳಿಯನ್ನು ದಣಿಸಲು ಹೂಡಿದ ಉಪಾಯ ಮನೆಯವರನ್ನೇ ದಣಿಸುತ್ತದೆ.

ಇದರ ವಿಲೋಮವನ್ನು ಬಳಸಿ ಗೆದ್ದ ಉದಾಹರಣೆಯೂ ಇದೆ. ಬಫಲೋ ಬಿಲ್ಸ್ ತಂಡ ಹಡಲ್ ಇಲ್ಲದ ಆಟದಿಂದ 1991ರ ಜನವರಿ 20ರಂದು ರೈಡರ್ಸ್ ತಂಡವನ್ನು 51-3ರಿಂದ ಧೂಳೀಪಟ ಮಾಡಿತ್ತು. ಒಂದೇ ವಾರದ ನಂತರ ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಕೋಚ್ ಬಿಲ್ ಪಾರ್ಸೆಲ್ಸ್ ಬಫಲೋದ ವೇಗಕ್ಕೆ ವೇಗದಿಂದ ಉತ್ತರಿಸಲಿಲ್ಲ. ತಮ್ಮ ಸರದಿಯನ್ನು ಎಳೆದೆಳೆದು, 40 ನಿಮಿಷ 33 ಸೆಕೆಂಡು ಕಾಲ ಚೆಂಡನ್ನು ತಮ್ಮಲ್ಲೇ ಇರಿಸಿಕೊಂಡರು. ಸರದಿಗಳ ಸಂಖ್ಯೆ ಕುಗ್ಗಿತು, ಬಫಲೋದ ಮೇಲುಗೈಯನ್ನು ಗುಣಿಸುವ ಅಂಕೆಯೂ ಕುಗ್ಗಿತು. ಜೈಂಟ್ಸ್ 20, ಬಿಲ್ಸ್ 19.

ಹಾಗಾದರೆ ವೇಗವೇ ವ್ಯರ್ಥವೇ? ಇಲ್ಲಿ ನಾನು ನನ್ನ ಹಳೆಯ ಪಕ್ಷವನ್ನೂ ಬಿಟ್ಟುಕೊಡಬೇಕಾಗಿದೆ. ಅದೇ ಬಿಲ್ಸ್ ಸತತ ನಾಲ್ಕು ವರ್ಷ ಸೂಪರ್ ಬೌಲ್ ತಲುಪಿತು. ನಾಲ್ಕನ್ನೂ ಸೋತಿತೆಂದು ನಗುವವರು, ಬೇರೆ ಯಾವ ತಂಡವೂ ಸತತ ನಾಲ್ಕು ಬಾರಿ ಅಲ್ಲಿಗೆ ತಲುಪಿಲ್ಲವೆಂಬುದನ್ನು ಮರೆಯುತ್ತಾರೆ. 2012ರಲ್ಲಿ ಪೇಟ್ರಿಯಟ್ಸ್ ವೇಗದ ಆಟದಿಂದ 557 ಅಂಕ ಗಳಿಸಿತು. 2013ರಲ್ಲಿ ಪೇಟನ್ ಮ್ಯಾನಿಂಗ್ ನೇತೃತ್ವದ ಡೆನ್ವರ್ 606 ಅಂಕಗಳ ದಾಖಲೆ ಬರೆಯಿತು. ಆದರೆ ಬಫಲೋದಲ್ಲಿ ತಂತ್ರವನ್ನು ಕರೆಯುತ್ತಿದ್ದವರು ಮೈದಾನದಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ. ಮ್ಯಾನಿಂಗ್ ಅವಸರದಿಂದ ಗೆರೆಗೆ ಬಂದು ನಿಂತು, ಆಮೇಲೆ ಸಾವಧಾನವಾಗಿ ಎದುರಾಳಿಯ ರಚನೆಯನ್ನು ಓದುತ್ತಿದ್ದವರು. ಅವರ ವೇಗ ಕಾಲಿನದಲ್ಲ, ಓದಿನದು. ಬೇಕೆಂದಾಗ ಓಡಿ, ಬೇಡವೆಂದಾಗ ನಿಲ್ಲುವ ಸ್ವಾತಂತ್ರ್ಯ ಅವರಲ್ಲಿತ್ತು.

ಕಾಲೇಜಿನಿಂದ ಬಂದು ಬೇರೂರಿದ್ದು ಅವಸರವಲ್ಲ, ಆಲೋಚನೆ. ಒಬ್ಬ ರಕ್ಷಕನ ಚಲನೆಯನ್ನು ನೋಡಿ, ಚೆಂಡನ್ನು ಓಟಗಾರನಿಗೆ ಕೊಡುವುದೋ ಎಸೆಯುವುದೋ ಎಂದು ಆ ಕ್ಷಣದಲ್ಲೇ ನಿರ್ಧರಿಸುವ ತಂತ್ರ ಕಾಲೇಜುಗಳಲ್ಲಿ ಬೆಳೆದದ್ದು. 2018ರ ಆ ರಾತ್ರಿ ಈಗಲ್ಸ್ ಬಳಸಿದ ಅಸ್ತ್ರಗಳಲ್ಲಿ ಅದೂ ಒಂದು. ಅದನ್ನು ಪ್ರಯೋಗಿಸಿದವರು ಬೇರೆ ಯಾರೂ ಅಲ್ಲ, ಹೊರಹೋಗಿ ಮರಳಿ ಬಂದಿದ್ದ ಅದೇ ಫೋಲ್ಸ್. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಕಥೆಯೂ ಇಂಥದ್ದೇ. ಅಲ್ಲಿನ ಕೋಚ್ ಕ್ಲಿಫ್ ಕಿಂಗ್ಸ್‌ಬರಿ 2019ರಿಂದ ನಾಲ್ಕು ವರ್ಷ ಅರಿಜೋನಾ ತಂಡವನ್ನು ನಡೆಸಿ 28 ಗೆದ್ದು, 37 ಸೋತು, ಒಂದನ್ನು ಸಮ ಮಾಡಿಕೊಂಡು ನಿರ್ಗಮಿಸಿದರು. ಅವರ ಶಿಷ್ಯ ಪ್ಯಾಟ್ರಿಕ್ ಮಹೋಮ್ಸ್, ವೃತ್ತಿಪರ ಲೀಗಿನಲ್ಲೇ ಪಳಗಿದ ಆಂಡಿ ರೀಡ್ ಅವರ ಕೈಕೆಳಗೆ 2020, 2023 ಮತ್ತು 2024ರಲ್ಲಿ ಸೂಪರ್ ಬೌಲ್ ಗೆದ್ದರು. ಗುರುವಿನ ಪದ್ಧತಿ ಇಡಿಯಾಗಿ ನಿಲ್ಲಲಿಲ್ಲ. ಶಿಷ್ಯ ಅದರಿಂದ ಕಲಿತದ್ದು ನಿಂತಿತು.

ಆದ್ದರಿಂದ ನನ್ನ ಅಭಿಪ್ರಾಯ ಇದು: ಕಾಲೇಜು ಮಾದರಿಯ ವೇಗ ವೃತ್ತಿಪರ ಕಣದಲ್ಲಿ ಆಯುಧವಾಗಿ ಗೆಲ್ಲಬಲ್ಲದು, ವ್ರತವಾಗಿ ಗೆಲ್ಲಲಾರದು.

ಈ ತೀರ್ಮಾನ ನನಗೆ ಆಟದಿಂದಷ್ಟೇ ಬಂದದ್ದಲ್ಲ, ಬರೆಯುವಾಗ ಸ್ವಲ್ಪ ನಾಚಿಕೆಯೂ ಆಗುತ್ತಿದೆ. ಸೇವೆಯ ಮೊದಲ ವರ್ಷಗಳಲ್ಲಿ ಹತ್ತನೆಯ ತರಗತಿಯ ಪೋರ್ಷನ್ನನ್ನು ಡಿಸೆಂಬರ್‌ಗೇ ಮುಗಿಸುವುದು ನನ್ನ ಹೆಮ್ಮೆಯಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, "ಸಾರ್, ಬೋರ್ಡ್ ಒರೆಸಬೇಡಿ ಸಾರ್, ಇನ್ನೂ ಬರೆದಿಲ್ಲ" ಎಂದ. ನಾನು ಒರೆಸಿದೆ. ಆ ವರ್ಷ ಮುಂದಿನ ಬೆಂಚಿನವರು ತೊಂಬತ್ತು ದಾಟಿದರು, ಅವನು ಗಣಿತದಲ್ಲಿ ನಪಾಸಾಗಿ ಶಾಲೆಯನ್ನೇ ಬಿಟ್ಟ. ನನ್ನ ವೇಗ ಯಾರಿಗೂ ಏನನ್ನೂ ಕೂಡಿಸಿರಲಿಲ್ಲ. ಬಲ್ಲವರ ಬಲವನ್ನೂ ಬಾರದವರ ಕೊರತೆಯನ್ನೂ ಗುಣಿಸಿತ್ತು. ಗಣಿತದ ಮೇಷ್ಟ್ರಾಗಿಯೂ ಈ ಸರಳ ಲೆಕ್ಕ ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು. ಆಮೇಲೆ ನಾನು ಒರೆಸುವ ಮುನ್ನ ಹಿಂದಿರುಗಿ ಕೊನೆಯ ಬೆಂಚಿನತ್ತ ನೋಡುತ್ತಿದ್ದೆ.

ಅಳಿಯಂದಿರು ಇದನ್ನು ಓದಿ ದೂರವಾಣಿಯಲ್ಲಿ ವಾದಕ್ಕಿಳಿಯುವುದು ಖಂಡಿತ. ಬರಲಿ. ಆಟವನ್ನು ನನಗಿಂತ ಬಲ್ಲ ಓದುಗರು ತಪ್ಪು ಕಂಡಲ್ಲಿ ತಿಳಿಸಿದರೆ ಸಂತೋಷದಿಂದ ತಿದ್ದಿಕೊಳ್ಳುವೆ. ಅವಸರವೇನಿಲ್ಲ.