ಇಳಿದವರಿಗೂ ಒಂದು ಏಣಿ ಇರಲಿ

ಕಳೆದ ವರ್ಷ, ಅಂದರೆ 2024–25ರ ಐ-ಲೀಗ್ ಮುಗಿದಾಗ, ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ್ದೆ: ‘ಎಸ್‌ಸಿ ಬೆಂಗಳೂರು ರಿಲೆಗೇಟ್ ಆಯ್ತು.’ ಐಪಿಎಲ್ ಗದ್ದಲದ ನಡುವೆ ಅದಕ್ಕೆ ಬಂದದ್ದು ಒಂದೇ ಉತ್ತರ: ‘ಅದ್ಯಾವ ಟೀಮೋ?’

ಅದು ನಮ್ಮೂರಿನದೇ ಟೀಮು. 2023–24ರಲ್ಲಿ ಐ-ಲೀಗ್ 2 ಗೆದ್ದು, ದೇಶದ ಎರಡನೇ ಹಂತದ ಲೀಗ್‌ಗೆ ಬಡ್ತಿ ಪಡೆದ ತಂಡ. ಒಂದೇ ವರ್ಷ ಅಲ್ಲಿ ಉಳಿಯಿತು. 12 ತಂಡ, ತಲಾ 22 ಪಂದ್ಯ. ಕೊನೆಗೆ ಡೆಲ್ಲಿ ಎಫ್‌ಸಿ ಜೊತೆ ಕೆಳಗಿಳಿಯಿತು. ಪಟ್ಟಿಯ ತುದಿಯಲ್ಲಿರುವವರು ಮೇಲಿನ ಲೀಗ್‌ಗೆ, ತಳದಲ್ಲಿರುವವರು ಕೆಳಗಿನ ಲೀಗ್‌ಗೆ. ರಿಲೆಗೇಶನ್ ಅಂದರೆ ಇಷ್ಟೇ.

ಗರುಡಾ ಮಾಲ್ ಹಿಂದಿರುವ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ನಾನು ಮೊದಲು ಹೋದದ್ದು ಮೂರನೇ ಕ್ಲಾಸಿನಲ್ಲಿ, ಹಲಸೂರಿನಲ್ಲಿರುವ ನಮ್ಮ ಸೋದರಮಾವನ ಸ್ಕೂಟರಿನಲ್ಲಿ. ಮಾವ ಎಚ್‌ಎಎಲ್‌ನಲ್ಲಿ ಫಿಟ್ಟರ್. ಅವರ ಕಾರ್ಖಾನೆಯ ತಂಡ ಆಗ ಐ-ಲೀಗ್ ಆಡುತ್ತಿತ್ತು. ಆಗಿನ್ನೂ ಐಎಸ್‌ಎಲ್ ಹುಟ್ಟಿರಲಿಲ್ಲ, ಐ-ಲೀಗೇ ದೇಶದ ಅಗ್ರ ಲೀಗ್. ಹಣವಿದ್ದ ಗೋವಾ, ಕೋಲ್ಕತ್ತದ ಕ್ಲಬ್‌ಗಳ ಎದುರು ವಿಮಾನಪುರದ ಹುಡುಗರು. 2010ರಲ್ಲಿ ಎರಡನೇ ಡಿವಿಷನ್‌ನಿಂದ ಮೇಲೆ ಬಂದ ಎಚ್‌ಎಎಲ್ ಒಂದು ವರ್ಷ ಹೇಗೋ ಉಳಿದುಕೊಂಡಿತು. 2011–12ರಲ್ಲಿ ಆಗಲಿಲ್ಲ. 14 ತಂಡಗಳ ಪೈಕಿ ಕೆಳಗಿಳಿದ ಎರಡರಲ್ಲಿ ಅದೂ ಒಂದು.

ಆ ದಿನ ನಾನು ಅತ್ತಿದ್ದೆನಂತೆ. ಮಾವ ಹೇಳಿದ ಮಾತು ಮಾತ್ರ ಚೆನ್ನಾಗಿ ನೆನಪಿದೆ: ‘ಯಾಕೋ ಅಳ್ತೀಯ? ನಮ್ ಹುಡುಗ್ರು ಇವತ್ತು ಸೋತ್ರೂ ನಾಳೆ ಬೆಳಿಗ್ಗೆ ಶಿಫ್ಟ್‌ಗೆ ಬರ್ತಾರೆ ಬಿಡೋ.’

ಆಗ ಅದು ಬರೀ ಸಮಾಧಾನದ ಮಾತು ಅನ್ನಿಸಿತ್ತು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಈಗ ಅದರ ತೂಕ ಗೊತ್ತಾಗುತ್ತಿದೆ.

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನಿಂದ ಇಳಿದ ಕ್ಲಬ್‌ಗಳಿಗೆ ಕೆಲವು ವರ್ಷ ಹಣ ಕೊಡುತ್ತಾರೆ. ಅದಕ್ಕೆ ಅವರಿಟ್ಟ ಹೆಸರೇ ‘ಪ್ಯಾರಾಶೂಟ್’ ಹಣ. ಬಿದ್ದವರು ಮೂಳೆ ಮುರಿದುಕೊಳ್ಳದೆ ನೆಲ ಮುಟ್ಟಲಿ ಅಂತ. 2016ರಲ್ಲಿ ಚಾಂಪಿಯನ್ ಆಗಿದ್ದ ಲೆಸ್ಟರ್ ಸಿಟಿ 2023ರಲ್ಲಿ ಇಳಿಯಿತು, 2024ರಲ್ಲಿ ಮತ್ತೆ ಏರಿತು, 2025ರಲ್ಲಿ ಪುನಃ ಇಳಿಯಿತು. ಯಾರೂ ಅದನ್ನು ಮಾನ ಹೋದ ವಿಷಯ ಅನ್ನಲಿಲ್ಲ.

ಬೆಂಗಳೂರಿನ ಪೂರ್ವ ಭಾಗಕ್ಕೆ ಆ ಪ್ಯಾರಾಶೂಟ್ ಕಾರ್ಖಾನೆಯ ಕೆಲಸವಾಗಿತ್ತು. ವಿಮಾನಪುರದಲ್ಲಿ ಎಚ್‌ಎಎಲ್, ಕೆ.ಆರ್. ಪುರದ ದಾರಿಯಲ್ಲಿ ದೂರವಾಣಿನಗರದ ಐಟಿಐ. ಎರಡಕ್ಕೂ ಫುಟ್‌ಬಾಲ್ ತಂಡಗಳಿದ್ದವು. ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರದ ಗಲ್ಲಿಯಲ್ಲಿ ಚೆಂಡು ಒದೆಯುತ್ತಿದ್ದ ಹುಡುಗನಿಗೆ ಚೆನ್ನಾಗಿ ಆಡಿದರೆ ಏನು ಸಿಗಬಹುದು ಎಂಬುದು ಗೊತ್ತಿತ್ತು: ಒಂದು ನೌಕರಿ, ಪಿಎಫ್, ಸಂಜೆ ಪ್ರಾಕ್ಟೀಸ್‌ಗೆ ಬಿಡುವು. ಆಡಿ ವಯಸ್ಸಾದ ಮೇಲೂ ಸಂಬಳ. ಅದಕ್ಕೇ ಮನೆಯಲ್ಲಿ ‘ಆಡು ಹೋಗೋ’ ಅನ್ನುತ್ತಿದ್ದರು.

ಪ್ರತಿಭೆಗೆ ಇಲ್ಲಿ ಯಾವತ್ತೂ ಬರವಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆ ನಿಂತಿರುವುದು ಸುಮ್ಮನೆ ಅಲ್ಲ. ಹಳೆಯ ಮಾತೇ ಬೇಡ, 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು.

ಹಾಗಾದರೆ ತಪ್ಪಿದ್ದೆಲ್ಲಿ? ಎಚ್‌ಎಎಲ್ ಇಳಿದದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಸೋತರು, ಇಳಿದರು. ಅನ್ಯಾಯ ಆದದ್ದು ಅದರ ನಂತರ. 2013ರಲ್ಲಿ ಕ್ಲಬ್ ಲೈಸೆನ್ಸ್ ನಿಯಮ ಪಾಲಿಸಿಲ್ಲ ಎಂಬ ಕಾರಣಕ್ಕೆ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಐ-ಲೀಗ್‌ನಿಂದ ಹೊರಗಿಟ್ಟರು. ಸಂಸ್ಥೆಗಳ ತಂಡಕ್ಕೆ ಅಗ್ರ ಲೀಗ್‌ನಲ್ಲಿ ಜಾಗವಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಎಚ್‌ಎಎಲ್ ಮತ್ತೆಂದೂ ಅಲ್ಲಿಗೆ ಮರಳಲಿಲ್ಲ. ಅದೇ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಕೆಳಗಿನ ಲೀಗ್ ಆಡದೆ ನೇರ ಪ್ರವೇಶ ಪಡೆದು, ಅಶೋಕನಗರದ ಅದೇ ಸ್ಟೇಡಿಯಂನಲ್ಲಿ ಆಡಿ, ಮೊದಲ ವರ್ಷವೇ ಚಾಂಪಿಯನ್ ಆಯಿತು. ನಾನೂ ಆ ತಂಡದ ಅಭಿಮಾನಿಯೇ. ವೆಸ್ಟ್ ಬ್ಲಾಕ್ ಬ್ಲೂಸ್ ಜೊತೆ ನಿಂತು ಗಂಟಲು ಹರಿದುಕೊಂಡವನೇ. ಆದರೂ ಹೇಳಲೇಬೇಕು. 2014ರಲ್ಲಿ ಶುರುವಾದ ಐಎಸ್‌ಎಲ್‌ನಿಂದ 2024–25ರವರೆಗೆ ಒಂದೇ ಒಂದು ತಂಡವೂ ಸೋತ ಕಾರಣಕ್ಕೆ ಕೆಳಗಿಳಿಯಲಿಲ್ಲ. ಕೆಳಗಿನಿಂದ ಆಡಿ ಗೆದ್ದು ಮೇಲೆ ಹೋಗುವ ಬಾಗಿಲು ತೆರೆದದ್ದೇ 2023ರಲ್ಲಿ, ಪಂಜಾಬ್ ಎಫ್‌ಸಿಗೆ.

ಅಂದರೆ ಮೇಲಿನವರು ಎಷ್ಟು ಸೋತರೂ ಅಲ್ಲೇ, ಕೆಳಗಿನವರು ಒಮ್ಮೆ ಸೋತರೆ ಪಾತಾಳಕ್ಕೆ. ಇಳಿಯುವ ನಿಯಮ ಇದ್ದರೆ ಎಲ್ಲರಿಗೂ ಇರಬೇಕು. ಬಡವನಿಗೆ ಮಾತ್ರ ರಿಲೆಗೇಶನ್ ಅಂದರೆ ಅದು ಸ್ಪರ್ಧೆ ಅಲ್ಲ.

ಇದೆಲ್ಲ ದೊಡ್ಡವರ ಕಥೆ. ಸಣ್ಣವರದು ಹೇಳುತ್ತೇನೆ. ನನ್ನ ಗೆಳೆಯನೊಬ್ಬ ನಗರದ ಕೆಳ ಡಿವಿಷನ್ನಿನ ಕ್ಲಬ್ಬೊಂದರಲ್ಲಿ ಲೆಫ್ಟ್ ಬ್ಯಾಕ್. ಹಗಲು ಇಂದಿರಾನಗರದಲ್ಲಿ ಫುಡ್ ಡೆಲಿವರಿ. ಪಂದ್ಯವಿದ್ದ ದಿನ ಲಾಗಿನ್ ಆಗದಿದ್ದರೆ ಆ ದಿನದ ದುಡ್ಡಿಲ್ಲ. ಈ ಸಲ ಅವನ ಕ್ಲಬ್ಬೂ ಕೆಳಗಿಳಿಯಿತು. ಕೊನೆಯ ಪಂದ್ಯ ಸೋತ ಮೇಲೆ ಬೂಟು ಬಿಚ್ಚಿ, ಬ್ಯಾಗಿನಿಂದ ಕಂಪನಿಯ ಟೀ-ಶರ್ಟ್ ತೆಗೆದು ಹಾಕಿಕೊಂಡ. ‘ಅಳೋಕೂ ಟೈಮ್ ಇಲ್ಲ ಮಗಾ, ಡಿನ್ನರ್ ಆರ್ಡರ್ ಶುರುವಾಗುತ್ತೆ’ ಅಂದ. ಮಾವ ಹೇಳಿದ ‘ಶಿಫ್ಟ್’ಗೂ ಈ ಶಿಫ್ಟ್‌ಗೂ ಇರುವ ವ್ಯತ್ಯಾಸ ನನಗೆ ಅಲ್ಲಿ ಕಾಣಿಸಿತು. ಆ ಶಿಫ್ಟ್ ಆಟಗಾರನನ್ನು ಮುಂದಿನ ಸೀಸನ್‌ಗೆ ಉಳಿಸುತ್ತಿತ್ತು. ಈ ಶಿಫ್ಟ್ ಅವನನ್ನು ಆಟದಿಂದ ದೂರ ಎಳೆಯುತ್ತಿದೆ.

‘ಆಟಕ್ಕೆ ಯಾಕೆ ಕೆಲಸ ಕೊಡಬೇಕು, ಓದಿದವರಿಗೇ ಇಲ್ಲ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೂರು ಇಂಟರ್‌ವ್ಯೂಗಳ ಕೊನೆಯ ಸುತ್ತಿನಲ್ಲಿ ಹೊರಬಿದ್ದ ನಾನೂ ಅದನ್ನು ಕೇಳಿಕೊಂಡಿದ್ದೇನೆ. ಆದರೆ ಎಚ್‌ಎಎಲ್, ಐಟಿಐ ಕೊಟ್ಟದ್ದು ದಾನವಲ್ಲ. ಆ ಹುಡುಗರು ಯಂತ್ರದ ಮುಂದೆ ನಿಂತು ದುಡಿಯುತ್ತಿದ್ದರು, ಸಂಜೆ ಸಂಸ್ಥೆಯ ಹೆಸರು ಎದೆಯ ಮೇಲೆ ಹೊತ್ತು ಆಡುತ್ತಿದ್ದರು. ಇಂದು ಹಳೇ ಮದ್ರಾಸ್ ರಸ್ತೆಯಿಂದ ವೈಟ್‌ಫೀಲ್ಡ್‌ವರೆಗೆ ಗಾಜಿನ ಕಟ್ಟಡಗಳ ಸಾಲೇ ಇದೆ. ಅವುಗಳಲ್ಲಿ ಕೆಲವಾದರೂ ಸ್ಥಳೀಯ ಆಟಗಾರರನ್ನು ನೌಕರಿಗೆ ತೆಗೆದುಕೊಂಡು, ಪಂದ್ಯದ ದಿನ ಸಂಬಳ ಸಹಿತ ರಜೆ ಕೊಟ್ಟರೆ ಕಂಪನಿ ಮುಳುಗುವುದಿಲ್ಲ. ವರ್ಷಕ್ಕೊಮ್ಮೆ ಟರ್ಫ್ ಬಾಡಿಗೆಗೆ ಪಡೆದು ಕಾರ್ಪೊರೇಟ್ ಟೂರ್ನಿ ಆಡಿಸುವ ಖರ್ಚಿನ ಒಂದು ಪಾಲು ಸಾಕು.

ಇನ್ನು ನಮ್ಮ ಪಾಲು. ಶನಿವಾರ ರಾತ್ರಿ ಎಚ್ಚರವಿದ್ದು ಮ್ಯಾಂಚೆಸ್ಟರ್‌ಗಾಗಿ ಕೊರಗುವ ನಾವು, ಮೆಟ್ರೊ ಇಳಿದು ನಡೆದು ಹೋಗಬಹುದಾದ ಸ್ಟೇಡಿಯಂನಲ್ಲಿ ಯಾರು ಆಡುತ್ತಿದ್ದಾರೆ ಎಂದು ನೋಡುವುದಿಲ್ಲ. ಗ್ಯಾಲರಿ ಖಾಲಿ ಇದ್ದರೆ ಯಾವ ಕಂಪನಿ ದುಡ್ಡು ಹಾಕೀತು?

ಕೆಲಸ ಹುಡುಕುವವರಿಗೆ ರಿಲೆಗೇಶನ್‌ನಲ್ಲಿ ಒಂದು ವಿಷಯ ಮಾತ್ರ ಹೊಟ್ಟೆಕಿಚ್ಚು ತರುತ್ತದೆ. ಇಳಿದ ತಂಡಕ್ಕೂ ಮುಂದಿನ ಸೀಸನ್ನಿನ ವೇಳಾಪಟ್ಟಿ ಬರುತ್ತದೆ. ನಮಗೆ ‘ವಿಷಾದಿಸುತ್ತೇವೆ’ ಎಂಬ ಇ-ಮೇಲ್ ಬರುತ್ತದೆ, ಅಷ್ಟೇ.

ಗೆಳೆಯ ಇನ್ನೂ ಒಂದು ವರ್ಷ ಆಡುತ್ತಾನಂತೆ, ಒಂದು ಡಿವಿಷನ್ ಕೆಳಗೆ. ಮೊದಲ ಪಂದ್ಯಕ್ಕೆ ನಾನು ಹೋಗುತ್ತೇನೆ. ಮಾವನನ್ನೂ ಕರೆದಿದ್ದೇನೆ, ಈ ಸಲ ಸ್ಕೂಟರ್ ನಾನೇ ಓಡಿಸುತ್ತೇನೆ.