ಹಂಚನ್ನು ಮಗುಚಿ ನೋಡಿ: ಮಂಗಳೂರಿನ ಒಳಮನೆಗೊಂದು ಪ್ರಣಾಳಿಕೆ

ಮಾಡಿನಿಂದ ಇಳಿಸಿದ ಹಳೆಯ ಹಂಚೊಂದನ್ನು ಮಗುಚಿ ನೋಡಿ. ಪಾಚಿ ಕೆರೆದರೆ ಅಕ್ಷರ ಮೂಡುತ್ತದೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಒಂದು ಅಂಚಿನಲ್ಲಿ ತೋಡು, ಇನ್ನೊಂದು ಅಂಚಿನಲ್ಲಿ ಪಕ್ಕದ ಹಂಚಿನ ತೋಡಿಗೆ ಕೂರುವ ಏಣು, ರೀಪಿಗೆ ಸಿಕ್ಕಿಕೊಳ್ಳಲು ಬೆನ್ನಿನಲ್ಲಿ ಗುಬುಟು. ಗಾರೆ ಬೇಡ, ಮೊಳೆ ಬೇಡ. ಒಂದರ ಹೆಗಲ ಮೇಲೆ ಇನ್ನೊಂದು ತೋಳು ಹಾಕಿ ಕೂತರೆ ಆಟಿಯ ಮಳೆಯೂ ಹೊರಗೇ ಉಳಿಯುತ್ತದೆ.

ಹೀಗೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಹಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಆಲ್ಸೇಸ್ ಸೀಮೆಯ ಅಲ್ಟ್‌ಕಿರ್ಶ್ ಊರಿನ ಜಿಲಾರ್ದೋನಿ ಸಹೋದರರು. ಕಾಲು ಶತಮಾನ ಕಳೆಯುವುದರೊಳಗೆ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ, ನಮ್ಮ ಹೊಳೆಯ ಆವೆಮಣ್ಣನ್ನು ಅದೇ ಬಗೆಯ ಅಚ್ಚಿಗೆ ಒತ್ತಿಸಿದರು. ಉಪಾಯ ಫ್ರಾನ್ಸಿನದು, ಸಂಸ್ಥೆ ಸ್ವಿಟ್ಜರ್‌ಲೆಂಡಿನದು, ಮಣ್ಣು ನೇತ್ರಾವತಿಯದು, ಮಣ್ಣು ತುಳಿದು ಗೂಡಿಗೆ ಬೆಂಕಿ ಕೊಟ್ಟವರು ಇಲ್ಲಿಯವರು. ಹೆಸರು ಮಾತ್ರ ಮಂಗಳೂರು ಹಂಚು. ನಮ್ಮ ಮಾತೆಲ್ಲ ಈ ಹಂಚಿನಿಂದಲೇ ಶುರು.

ನಾವು ಮಂಗಳೂರಿನಲ್ಲಿ ಮನೆಯ ಒಳಗನ್ನು ಕಟ್ಟುವವರು. ಇಂಟೀರಿಯರ್ ಡಿಸೈನರುಗಳು, ಆಚಾರಿಗಳು, ಗಾರೆಯವರು, ಬೆತ್ತ ಹೆಣೆಯುವವರು, ಜೊತೆಗೆ ಅಜ್ಜಿಮನೆಯನ್ನು ಇನ್ನೂ ಮಾರದೆ ಉಳಿಸಿಕೊಂಡ ಕೆಲವು ಮನೆಯವರು. ನಮ್ಮಲ್ಲಿಗೆ ಬರುವವರು ಈಗೀಗ ಫೋನು ತೆರೆದು ಚಿತ್ರ ತೋರಿಸುತ್ತಾರೆ. ಬಿಳಿ ಗೋಡೆ, ಗೋಡೆಯ ಮೇಲೆ ಚೌಕಟ್ಟಿನ ಪಟ್ಟಿ, ಹೊಂಬಣ್ಣದ ಕನ್ನಡಿ, ಬಾಗಿದ ಕಾಲಿನ ಕುರ್ಚಿ. "ನಮಗೆ ಫ್ರೆಂಚ್ ಕ್ಲಾಸಿಕಲ್ ಬೇಕು, ಆದರೆ ಇವತ್ತಿನ ಹಾಗೆಯೂ ಇರಬೇಕು" ಎನ್ನುತ್ತಾರೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಮಸ್ಕತ್ತಿನಲ್ಲೋ ದುಬೈಯಲ್ಲೋ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು ಚಂದದ ಮನೆ ಕೇಳಿದರೆ ಅದನ್ನು ಕೊಡುವುದೇ ನಮ್ಮ ಕಸುಬು. ನಮ್ಮ ತಕರಾರಿರುವುದು ಆ ಚಂದವನ್ನು ನಾವು ಕೊಡುತ್ತಾ ಬಂದ ರೀತಿಯ ಮೇಲೆ.

ಇದನ್ನು ಬರೆಯುತ್ತಿರುವ ನಾನು ಕಸುಬು ಶುರುಮಾಡಿದ ವರ್ಷ ಬಿಜೈಯ ಒಂದು ಫ್ಲ್ಯಾಟಿಗೆ ಫ್ರೆಂಚ್ ಗೋಡೆ ಮಾಡಿಕೊಟ್ಟೆ. ಎಂಡಿಎಫ್ ಹಲಗೆಯನ್ನು ಗೋಡೆಗೆ ಒತ್ತಿ ಕೂರಿಸಿ, ಮೇಲೆ ಪಟ್ಟಿ ಅಂಟಿಸಿ, ಬಿಳಿ ಬಣ್ಣ ಹೊಡೆಸಿದೆವು. ಗೃಹಪ್ರವೇಶದ ದಿನ ಎಲ್ಲರೂ ಹೊಗಳಿದರು. ಮರುವರ್ಷ ಜುಲೈಯಲ್ಲಿ ಮನೆಯ ಅಮ್ಮ ಫೋನು ಮಾಡಿದರು: "ಗೋಡೆಗೆ ಬಸಿರು ಬಂದ ಹಾಗಾಗಿದೆ ಮಾರಾಯ್ತಿ, ಒಮ್ಮೆ ಬಂದು ನೋಡು." ಹೋಗಿ ಒಂದು ಹಲಗೆ ಕಿತ್ತೆ. ಹಿಂದೆ ಅಂಗೈಯಗಲದ ಕಪ್ಪು ಬೂಷ್ಟು, ಹಲಗೆಯ ಬುಡ ಒದ್ದೆ ಬಿಸ್ಕತ್ತಿನಂತೆ ಉಬ್ಬಿ ಬೆರಳಿಗೆ ಪುಡಿಯಾಗುತ್ತಿತ್ತು. ಆ ಮನೆಯ ಮಗುವಿಗೆ ಆ ಮಳೆಗಾಲವಿಡೀ ಕೆಮ್ಮು. ಅಮ್ಮ ಬೈಯಲಿಲ್ಲ, ಚಾ ಕೊಟ್ಟರು. ಆ ಚಾ ಗಂಟಲಲ್ಲಿ ಇಳಿಯಲಿಲ್ಲ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ನಮ್ಮ ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಅದರ ಬಾಯಿ ಮುಚ್ಚಿದರೆ ಒಳಗಿಂದೊಳಗೇ ಕೊಳೆಯುತ್ತದೆ. ಫ್ರಾನ್ಸಿನ ಅರಮನೆಗಳಲ್ಲಿ ಗೋಡೆಗೆ ಕೆತ್ತನೆಯ ಹಲಗೆ ಹೊದಿಸಿದ್ದು ಚಂದಕ್ಕಷ್ಟೇ ಅಲ್ಲ, ಕಲ್ಲುಗೋಡೆಯ ಚಳಿ ಕೋಣೆಗೆ ಇಳಿಯದಿರಲಿ ಎಂದೂ ಹೌದು. ಚಳಿಯ ಊರಿನ ಮದ್ದನ್ನು ನಾವು ಸೆಕೆಯ ಊರಿಗೆ ಹಚ್ಚಿದೆವು. ವರ್ಸೈ ಅರಮನೆಯ ನೆಲದ ಕತೆ ಇನ್ನೂ ಕಣ್ಣು ತೆರೆಸುವಂಥದ್ದು. ಅಲ್ಲಿ ಮೊದಲಿದ್ದದ್ದು ಅಮೃತಶಿಲೆ. ಅದನ್ನು ತೊಳೆದ ನೀರು ಕೆಳಗಿಳಿದು ತೊಲೆಗಳು ಕೊಳೆಯತೊಡಗಿದಾಗ, 1684ರಲ್ಲಿ ಕಲ್ಲು ಕಿತ್ತು ಮರದ ತುಂಡುಗಳನ್ನು ಓರೆಯಾಗಿ ಹೆಣೆದ ನೆಲ ಹಾಸಿದರು. ಇಂದು ಕ್ಯಾಟಲಾಗುಗಳಲ್ಲಿ ವರ್ಸೈ ಪಾರ್ಕೆ ಎಂದು ಮೆರೆಯುವ ಮಾದರಿ ಅಷ್ಟು ಹೆಸರಾದದ್ದರ ಹಿಂದೆ ನೀರಿನ ಕಾಟವಿದೆ. ಅವರು ತಮ್ಮ ನೀರಿಗೆ ಉತ್ತರ ಹುಡುಕಿದರು. ನಾವು ಅವರ ಉತ್ತರವನ್ನು ನಕಲು ಮಾಡಿ ನಮ್ಮ ಪ್ರಶ್ನೆಯನ್ನೇ ಮರೆತೆವು.

ಆದ್ದರಿಂದ ಫ್ರೆಂಚ್ ಶೈಲಿ ಬೇಡ ಎಂದು ನಾವು ಹೇಳುತ್ತಿಲ್ಲ. ಅದನ್ನು ಸರಿಯಾಗಿ ಓದಬೇಕು ಎನ್ನುತ್ತಿದ್ದೇವೆ. ಓದಿದರೆ ಅದರೊಳಗೆ ನಮ್ಮವರೂ ಸಿಗುತ್ತಾರೆ. ಹದಿನೈದನೆಯ, ಹದಿನಾರನೆಯ ಲೂಯಿಯ ಕಾಲದ ಕುರ್ಚಿಗಳಲ್ಲಿ ಬೆತ್ತದ ಹೆಣಿಗೆ ಇದೆಯಲ್ಲ, ಆ ವಿದ್ಯೆ ಯುರೋಪಿಗೆ ಹೋದದ್ದು ಹದಿನೇಳನೆಯ ಶತಮಾನದಲ್ಲಿ, ಏಷ್ಯಾದ ಬಂದರುಗಳಿಂದ ವ್ಯಾಪಾರದ ಹಡಗು ಹತ್ತಿ. ಭಾರತದ ಅಚ್ಚಿನ ಹತ್ತಿಬಟ್ಟೆ ಅಲ್ಲಿ ಎಷ್ಟು ಮನೆಮಾತಾಯಿತೆಂದರೆ, ತಮ್ಮ ನೇಕಾರರನ್ನು ಉಳಿಸಿಕೊಳ್ಳಲು ಫ್ರಾನ್ಸಿನ ದೊರೆ 1686ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಆ ನಿಷೇಧ ತೆರವಾದದ್ದು 1759ರಲ್ಲಿ. ಮರುವರ್ಷವೇ ಓಬರ್‌ಕಾಂಫ್ ಎಂಬಾತ ಝುಯಿ ಎಂಬ ಹಳ್ಳಿಯಲ್ಲಿ ಬಟ್ಟೆ ಅಚ್ಚೊತ್ತುವ ಕಾರ್ಖಾನೆ ತೆರೆದ. ಇಂದು ಪರದೆ ಅಂಗಡಿಯಲ್ಲಿ ತುವಾಲ್ ದ ಝುಯಿ ಎಂದು ದುಬಾರಿ ಬೆಲೆಗೆ ಸಿಗುವುದು ಅದರ ವಂಶದ ಬಟ್ಟೆ. ಶುದ್ಧ ಫ್ರೆಂಚ್ ಎಂದು ನಾವು ಕೈಮುಗಿಯುವ ಕೋಣೆಯಲ್ಲಿ ಕೂತ ಜಾಗ ಏಷ್ಯಾದ್ದು, ಹೊದೆಸಿದ ಬಟ್ಟೆ ಭಾರತದ ನೆನಪಿನದು.

ನಮ್ಮ ಊರಿಗೂ ಫ್ರಾನ್ಸು ಹೊಸ ನೆಂಟನೇನಲ್ಲ. 1783ರ ಮಂಗಳೂರು ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆ ಫ್ರೆಂಚ್ ಸೈನಿಕರಿದ್ದರು. ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂದೊಡನೆ ಹಿಂದೆ ಸರಿದರು. 1870ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಿಂದ ಅಪೋಸ್ತಲಿಕ್ ಕಾರ್ಮೆಲಿನ ಸಿಸ್ಟರುಗಳು ಬಂದು ಸೈಂಟ್ ಆ್ಯನ್ಸ್‌ನಲ್ಲಿ ನೆಲೆನಿಂತರು. ನಮ್ಮ ಎಷ್ಟೋ ಅಜ್ಜಿಯಂದಿರು ಅಕ್ಷರ ಕಲಿತದ್ದು ಅಲ್ಲಿ.

ಹಾಗಾದರೆ ಫ್ರೆಂಚರಿಂದ ಏನು ತೆಗೆದುಕೊಳ್ಳುತ್ತೇವೆ? ಮೊದಲಿಗೆ ಅಳತೆ. ಗೋಡೆಯನ್ನು ಕೆಳಗೆ, ನಡುವೆ, ಮೇಲೆ ಎಂದು ಪಾಲು ಮಾಡುವ ಅವರ ಕ್ರಮ ಹತ್ತಡಿ ಎತ್ತರದ ಫ್ಲ್ಯಾಟಿನ ಕೋಣೆಗೂ ನಿಲುವು ಕೊಡುತ್ತದೆ. ಅದಕ್ಕೆ ಎಂಡಿಎಫ್ ಬೇಡ. ಸುಣ್ಣದ ಗಾರೆಯಲ್ಲೇ ಕರಣೆ ಎಳೆದು ಅರ್ಧ ಇಂಚಿನ ಏಣು ಎಬ್ಬಿಸಬಹುದು, ಗೋಡೆ ಉಸಿರಾಡುತ್ತಿರುತ್ತದೆ. ಎರಡನೆಯದು ಬಾಗಿಲುಗಳ ಸಾಲು. ಒಂದು ಬಾಗಿಲಲ್ಲಿ ನಿಂತರೆ ಕೋಣೆಯಾಚೆ ಕೋಣೆ ಒಂದೇ ಗೆರೆಯಲ್ಲಿ ತೆರೆದುಕೊಳ್ಳುವುದು ಅವರ ಅರಮನೆಗಳ ಹೆಮ್ಮೆ. ಚಾವಡಿಯಿಂದ ಅಂಗಳ ದಾಟಿ ಹಿಂಬಾಗಿಲಿನವರೆಗೆ ಗಾಳಿ ನೇರ ಹಾಯುವ ನಮ್ಮ ಗುತ್ತಿನ ಮನೆಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಕಣ್ಣಿಗಾಗಿ ಮಾಡಿದ್ದನ್ನು ನಮ್ಮವರು ಬೆವರಿಗಾಗಿ ಮಾಡಿದರು. ಮೂರನೆಯದು ಕಿಟಕಿಯ ಎದುರು ಕನ್ನಡಿ. ಜೂನಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುವ ನಮ್ಮ ಕೋಣೆಗಳಿಗೆ ಅದು ಎರಡನೇ ಕಿಟಕಿ. ಗೋಡೆಗೆ ಒತ್ತಿಸಬೇಡಿ, ಹಿಂದೆ ಒಂದು ಬೆರಳು ಗಾಳಿಗೆ ಜಾಗ ಬಿಡಿ. ಇಲ್ಲದಿದ್ದರೆ ಕನ್ನಡಿಯ ಬೆನ್ನಿನ ಲೇಪ ಅಂಚಿನಿಂದ ಕಪ್ಪಾಗುತ್ತಾ ಬರುತ್ತದೆ.

ಮಿಕ್ಕದ್ದೆಲ್ಲ ಊರಿನದು ಮತ್ತು ಇಂದಿನದು. ಕಾವಿ ನೆಲ ಇರುವ ಮನೆಯಲ್ಲಿ ಅದರ ಮೇಲೆ ಟೈಲ್ಸ್ ಹಾಕಲು ನಾವು ಒಪ್ಪುವುದಿಲ್ಲ. ಐವತ್ತು ವರ್ಷ ಜನ ನಡೆದ ಕಾವಿ ನೆಲದ ಮೇಲೆ ಬರಿಗಾಲಿಟ್ಟು ನೋಡಿ. ಜಗಲಿಯ ಹತ್ತಿರ ಸವೆದು ತಿಳಿಯಾಗಿದೆ, ಕಂಬದ ಬುಡದಲ್ಲಿ ಹೊಸತರಂತೆ ಕಡುಗೆಂಪು, ಮಗು ಕೂತು ಎಣ್ಣೆ ಚೆಲ್ಲಿದಲ್ಲಿ ಒಂದು ಕಪ್ಪು ಮಚ್ಚೆ. ಮಾಡಿನ ಗಾಜಿನ ಹಂಚಿನಿಂದ ಇಳಿದ ಬಿಸಿಲಿನ ತುಂಡು ಬೆಳಿಗ್ಗೆ ಗೋಡೆಯ ಮೇಲಿದ್ದದ್ದು ಊಟದ ಹೊತ್ತಿಗೆ ಈ ನೆಲಕ್ಕೆ ಬಂದು ಕೂರುತ್ತದೆ. ಅಂಥ ಕಡೆ ಹದಿನಾರನೆಯ ಲೂಯಿಯ ಮಾದರಿಯ ಒಂದು ಬೆತ್ತದ ಕುರ್ಚಿ, ಪಕ್ಕದಲ್ಲಿ ಉಕ್ಕಿನ ಕೋಲಿಗೆ ಸಿಕ್ಕಿಸಿದ ಇವತ್ತಿನ ದೀಪ, ಹಿಂದೆ ಅಜ್ಜನ ಹಲಸಿನ ಮರದ ಕಪಾಟು. ಕುರ್ಚಿಯ ಕಾಲು ಬೀಟೆಯಲ್ಲಿ, ನಮ್ಮ ಆಚಾರಿಯ ಉಳಿಯಲ್ಲಿ. ಈ ಮೂರೂ ಒಂದಕ್ಕೊಂದು ಜಗಳವಾಡುವುದಿಲ್ಲ. ಮೂರನ್ನೂ ಮನುಷ್ಯರು ಅಳೆದು ಮಾಡಿದ್ದಾರೆ.

ಬಗೆಬಗೆಯದನ್ನು ಕೂಡಿಸುವುದಕ್ಕೂ ಕಂಡದ್ದನ್ನೆಲ್ಲ ತಂದು ತುಂಬುವುದಕ್ಕೂ ಇರುವ ಗೆರೆ ಅದೇ. ಬಾವುಟಗುಡ್ಡೆಯ ಸೈಂಟ್ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಜೆಸುಯಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ದುಡಿದರು. ಕೆತ್ತಿದ್ದೆಂದು ಕಾಣುವ ಅಲಂಕಾರ ಹತ್ತಿರ ಹೋದರೆ ಬರೀ ಬಣ್ಣ. ಅದೂ ಅಂಟಿಸಿದ ಪಟ್ಟಿಯ ಹಾಗೆ ಕಣ್ಣಿಗೆ ಮೋಸವೇ ಅಲ್ಲವೇ ಎಂದು ಕೇಳುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಹಸಿ ಗಾರೆ ಆರುವ ಮೊದಲು ಕುಂಚ ಮುಗಿಸಬೇಕಾದ ಕೆಲಸ ಅದು. ಬಣ್ಣ ಗೋಡೆಯೊಳಗೇ ಇಳಿದು ಗೋಡೆಯೇ ಆಯಿತು. ಗೋಡೆಯ ಜೊತೆ ಬಾಳುವ ಅಲಂಕಾರ ಮೂರು ಮಳೆಗಾಲಕ್ಕೆ ಸಿಪ್ಪೆಯಂತೆ ಎದ್ದು ಬರುವುದಿಲ್ಲ. ಹಳೆಯ ಕೆಲಸವನ್ನು ನಾವು ಹೊಗಳುವುದು ಹಳೆಯದೆಂಬ ಕಾರಣಕ್ಕಲ್ಲ.

ಇನ್ನು ನಾವು ಕೊಡುವ ಮಾತು. ಹಳೆ ಮನೆಯ ಮುಚ್ಚಿಗೆಯನ್ನು ಗುಜರಿಗೆ ಹಾಕಿ ಆ ದುಡ್ಡಿನಲ್ಲಿ ಶುರುವಾಗುವ ಕೆಲಸವನ್ನು ನಾವು ಹಿಡಿಯುವುದಿಲ್ಲ, ಎಷ್ಟೇ ದೊಡ್ಡದಿರಲಿ. ಹೆಬ್ಬಲಸಿನ ಆ ಹಲಗೆಗಳನ್ನು ಇಳಿಸಲೇಬೇಕಾದರೆ ಅವು ಅದೇ ಮನೆಯವರ ಹೊಸ ಫ್ಲ್ಯಾಟಿನಲ್ಲಿ ಊಟದ ಮೇಜಾಗಬೇಕು, ಬಾಗಿಲಾಗಬೇಕು. ದಾರಂದ ಚಿಕ್ಕದಾಯಿತೆಂದು ಬಿಸಾಡುವ ಮೊದಲು ಅದನ್ನು ಕನ್ನಡಿಯ ಚೌಕಟ್ಟಾಗಿಸಬಹುದೇ ಎಂದು ನೋಡಬೇಕು. ಹೊಂಬಣ್ಣ ಬಳಿದ ಪ್ಲಾಸ್ಟಿಕ್ ಬೇಡ. ಹೊಳಪು ಬೇಕಿದ್ದರೆ ಹಿತ್ತಾಳೆ ತನ್ನಿ, ಉಪ್ಪುಗಾಳಿಗೆ ಮಂಕಾದರೆ ಹುಣಸೆಹುಳಿ ಇದೆ. ಕೋಣೆಯ ನಡುವಿಗೆ ದೀಪದ ಗೊಂಚಲು ಬರೆಯುವ ಮೊದಲು ಫ್ಯಾನು ಎಲ್ಲಿ ಎಂದು ಬರೆಯುತ್ತೇವೆ. ಮೇ ತಿಂಗಳಲ್ಲಿ ಆ ಮನೆಯಲ್ಲಿ ಕೂರುವವರು ಮನುಷ್ಯರು.

ಆಚಾರಿಗಳ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳಬೇಕಾಗಿದೆ. ಪತ್ರಿಕೆಯಲ್ಲಿ ಮನೆಯ ಚಿತ್ರ ಬಂದಾಗ ಡಿಸೈನರ್ ಹೆಸರಿರುತ್ತದೆ, ಸೋಫಾ ಕಂಪನಿಯ ಹೆಸರಿರುತ್ತದೆ. ಬಾಗಿದ ಕಾಲನ್ನು ಒಂದೇ ಮರದಿಂದ, ಎಳೆ ಮುರಿಯದಂತೆ ತೆಗೆದವರ ಹೆಸರಿರುವುದಿಲ್ಲ. ಹಂಚಿನ ಬೆನ್ನಿನ ಮೇಲೂ ಕಾರ್ಖಾನೆಯ ಹೆಸರೊಂದೇ ಇತ್ತು. ನಾವು ಮಾಡುವ ಪ್ರತಿ ಕುರ್ಚಿಯ, ಕಪಾಟಿನ, ಬಾಗಿಲಿನ ಹಿಂಬದಿಯಲ್ಲಿ ಅದನ್ನು ಮಾಡಿದವರ ಹೆಸರು ಮತ್ತು ವರ್ಷ ಕೊರೆದಿರುತ್ತದೆ. ಇದನ್ನು ಒಪ್ಪದವರು ನಮ್ಮ ಜೊತೆ ಸೇರಬೇಕಾಗಿಲ್ಲ.

ನಮಗೆ ಕಚೇರಿಯಿಲ್ಲ, ಚಂದಾ ಇಲ್ಲ. ಮೊದಲ ಕೆಲಸ ಮಾತ್ರ ಗೊತ್ತಾಗಿದೆ. ಕಂಕನಾಡಿಯಲ್ಲಾಗಲಿ, ಕದ್ರಿಯಲ್ಲಾಗಲಿ, ಉರ್ವದಲ್ಲಾಗಲಿ ನೀವು ಹಳೆ ಮನೆ ಕೆಡವುವುದೆಂದು ತೀರ್ಮಾನಿಸಿದ್ದರೆ ಜೆಸಿಬಿ ಬರುವುದಕ್ಕೆ ಒಂದು ವಾರ ಮೊದಲು ನಮಗೆ ತಿಳಿಸಿ. ತಡೆಯಲು ಬರುವುದಿಲ್ಲ. ಟೇಪು, ಕಾಗದ, ಪೆನ್ಸಿಲ್ ಹಿಡಿದು ಇಬ್ಬರು ಬರುತ್ತೇವೆ. ಬಾಗಿಲಿನ ಎತ್ತರ, ದಳಿಯ ಅಂತರ, ಜಗಲಿಯ ಅಗಲ, ಪಕ್ಕಾಸಿನ ಓರೆ, ಎಲ್ಲವನ್ನೂ ಅಳೆದು ಬರೆದುಕೊಳ್ಳುತ್ತೇವೆ. ಒಂದು ಪ್ರತಿ ನಿಮಗೆ, ನಿಮ್ಮ ಹೊಸ ಮನೆಗೆ. ಒಂದು ನಮ್ಮ ಆಚಾರಿಗಳಿಗೆ. ಮಾಡಿನಿಂದ ಇಳಿಸಿದ ಹಂಚಿನಲ್ಲಿ ಒಡೆಯದೆ ಉಳಿದ ಒಂದನ್ನು ಎತ್ತಿಡಿ, ಬೆನ್ನಿನ ಅಕ್ಷರ ಓದಿಕೊಳ್ಳುತ್ತೇವೆ.