ಚಿಕ್ಕಿ ಸಿಕ್ಕಿತು, ಫಡ್ಜ್ ಎಲ್ಲಿ?

ಕಲಬುರಗಿ, ಸೊಲ್ಲಾಪುರ, ಪುಣೆ ದಾಟಿ ಮುಂಬಯಿಗೆ ಹೋಗುವ ರೈಲು ಘಟ್ಟ ಇಳಿಯುವ ಮುನ್ನ ಸಿಗುವ ಊರು ಲೋಣಾವಳಾ. ಅಲ್ಲಿನ ಅಂಗಡಿಗಳಲ್ಲಿ ಚಿಕ್ಕಿಯ ಪಕ್ಕದಲ್ಲೇ ಫಡ್ಜ್ ಇರುತ್ತದೆ. ಮನೆಗೆ ಮರಳಿದ ಪ್ರವಾಸಿಯೊಬ್ಬರು ಮೊಬೈಲಿನಲ್ಲಿ ‘ಚಿಕ್ಕಿ & ಫಡ್ಜ್’ ಎಂದು ಹುಡುಕಿದರು ಎನ್ನಿ. ಪುಟದಲ್ಲಿ ಬಂದದ್ದು ಚಿಕ್ಕಿ ಮಾತ್ರ.

ಫಡ್ಜ್ ಕಳೆದದ್ದು ಪುಟದ ವಿಳಾಸದಲ್ಲಿ, ಅಂದರೆ ಯುಆರ್‌ಎಲ್‌ನಲ್ಲಿ. ಹುಡುಕಿದ ಪದ ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ‘ಊರು=ಲೋಣಾವಳಾ&ತಿನಿಸು=ಚಿಕ್ಕಿ’ ಎಂಬಂತೆ ಜೋಡಿಜೋಡಿಯಾಗಿ ಸೇರುತ್ತದೆ. ಜೋಡಿಗಳ ನಡುವಿನ ಬೇಲಿಯೇ &. ಹುಡುಕಿದ ಪದದೊಳಗೇ & ಇದ್ದರೆ ಅದು %26 ಎಂಬ ವೇಷ ಹಾಕಿಕೊಂಡು ಸಾಗುತ್ತದೆ. ಪ್ರೋಗ್ರಾಮರ್ ಮೊದಲು ವೇಷ ಕಳಚಿ, ಆಮೇಲೆ & ಕಂಡಲ್ಲೆಲ್ಲ ಕತ್ತರಿಸಿದರೆ ಫಡ್ಜ್ ಬೇಲಿಯಾಚೆ ಬೀಳುತ್ತದೆ. ಮೊದಲು ಕತ್ತರಿಸಬೇಕು, ಆಮೇಲೆ ಒಂದೇ ಒಂದು ಸಲ ವೇಷ ಕಳಚಬೇಕು.

ಕನ್ನಡಕ್ಕೆ ಈ ವೇಷ ಇನ್ನೂ ಉದ್ದ. ‘ಲ’ ಒಂದೇ ‘%ಇ0%ಬಿ2%ಬಿ2’ ಆಗುತ್ತದೆ. ಕಣ್ಣಿಗೆ 4 ಅಕ್ಷರದ ‘ಲೋಣಾವಳಾ’ ಯುನಿಕೋಡ್‌ನಲ್ಲಿ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್, ವಿಳಾಸದಲ್ಲಿ 63 ಚಿಹ್ನೆ. ಇಂಗ್ಲಿಷಿನಲ್ಲಿ ಬರೆದ ‘ಪುಣೆ’ ಮಾತ್ರ ಇದ್ದ ಹಾಗೇ ಹೋಗುತ್ತದೆ.

‘ಇಷ್ಟಕ್ಕೆ ಒಂದು ಸಾಲು ಬರೆದರೆ ಸಾಕು’ ಎನ್ನುವವರಿದ್ದಾರೆ: ‘ಹೆಸರು=’ ಎಲ್ಲಿದೆ ನೋಡಿ, ಅಲ್ಲಿಂದ ಮುಂದಿನ & ತನಕ ಎತ್ತಿಕೊಳ್ಳುವುದು. ವಿಳಾಸದಲ್ಲಿ ‘ಅಡ್ಡಹೆಸರು=’ ಮೊದಲು ಬಂದರೆ ಆ ಸಾಲು ಅದರ ಬಾಲವನ್ನೇ ಹಿಡಿಯುತ್ತದೆ. ಫಾರ್ಮಿನಿಂದ ಬಂದ ಪದಗಳ ನಡುವಿನ ಜಾಗ + ಆಗಿರುತ್ತದೆ. ಅದೂ ಹಾಗೇ ಉಳಿಯುತ್ತದೆ. ಇವನ್ನೆಲ್ಲ ಸಂಭಾಳಿಸುವ ಸಿದ್ಧ ಸಲಕರಣೆ ಜಾವಾಸ್ಕ್ರಿಪ್ಟ್‌ನಲ್ಲಿ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್, ಪೈಥಾನ್‌ನಲ್ಲಿ ಪಾರ್ಸ್_ಕ್ಯೂಎಸ್. ಎರಡೂ ಪುಕ್ಕಟೆ. ಕೈಗತ್ತರಿಗೆ ಇಲ್ಲಿ ಕೆಲಸವಿಲ್ಲ.

ಇದು ಬರೀ ಅಚ್ಚುಕಟ್ಟುತನದ ಮಾತಲ್ಲ. ಇಂಗ್ಲಿಷ್ ಪದ ಕೊಟ್ಟು ಪರೀಕ್ಷಿಸಿದವರ ಮೇಜಿನ ಮೇಲೆ ತಪ್ಪು ಕಾಣುವುದೇ ಇಲ್ಲ. ಕಾಣುವುದು ಕನ್ನಡದಲ್ಲಿ ಟೈಪ್ ಮಾಡಿದವರಿಗೆ. ಅವರು ಕೋಡನ್ನು ಬೈಯುವುದಿಲ್ಲ. ‘ಕನ್ನಡ ಇದರಲ್ಲಿ ನಡೆಯೋದಿಲ್ಲ’ ಎಂದುಕೊಂಡು ಇಂಗ್ಲಿಷಿಗೆ ಹೊರಳುತ್ತಾರೆ. ಆಮೇಲೆ ‘ಕನ್ನಡದಲ್ಲಿ ಯಾರೂ ಹುಡುಕುವುದಿಲ್ಲ’ ಎಂಬ ಲೆಕ್ಕವೂ ಸಿದ್ಧವಾಗುತ್ತದೆ.

ಆದ್ದರಿಂದ ಪರೀಕ್ಷೆಯ ಮೊದಲ ಪದ ‘ಲೋಣಾವಳಾ’ ಆಗಲಿ, ಎರಡನೆಯದು ‘ಚಿಕ್ಕಿ & ಫಡ್ಜ್’. ಎರಡೂ ಇಡಿಯಾಗಿ ಆಚೆ ಬಂದರೆ ಆ ಕೋಡನ್ನು ನಂಬಬಹುದು.